ಸಾಲಿನಲ್ಲಿ ರೂಫಸನ ಜಾಗ

ಬಫಲೋ
ಏಪ್ರಿಲ್ 14, 1980

ರೂಫಸ್,

ಈ ಬೇಸಿಗೆಯ ಮೊದಲ ಪಂದ್ಯ ಮುಗಿಯಿತು. ನಮ್ಮ ಬೇಸ್‌ಬಾಲ್ ತಂಡ ಡಾಕರ್ಸ್ ಸೋತಿತು. ಇನ್ನು ಸುದ್ದಿಗೆ ಬರುತ್ತೇನೆ.

ಗ್ಯಾಲರಿಯ ಅಡಿಯ ಸುರಂಗದಲ್ಲಿ ಎಂದಿನಂತೆ ಸಾಲು ನಿಂತೆವು. ಹಳಬರು ಮುಂದೆ, ಹೊಸಬರು ಹಿಂದೆ. ಮೇಸ್ತ್ರಿ ಡನ್‌ಫಿ ಅದೇ ಜಿಡ್ಡು ಟೋಪಿ ಹಾಕಿಕೊಂಡು ಹೆಸರು ಕೂಗಿದ. ಮಾರಲು ಮುಂದಿನವರು ಬಿಯರ್ ಆರಿಸಿಕೊಂಡರು, ನಡುವಿನವರು ಸಾಸೇಜ್ ಬನ್ನು. ಬಾಲದಲ್ಲಿದ್ದ ಪಾಪದವರಿಗೆ ನಿಂಬೆ ಪಾನಕ. ಏಪ್ರಿಲ್ ಬಂದರೂ ಹೊರಗೆ ಹಿಮ ಉದುರುತ್ತಿದೆ, ಇವರು ನಿಂಬೆ ಪಾನಕ ಮಾರಬೇಕಂತೆ!

ನನ್ನ ಮುಂದೆ ನಿನ್ನ ಜಾಗ ಖಾಲಿ. ಹಾಗಾಗಿ ನಿನ್ನ ಮುಂದಿನ ಸೊಬ್ಚಾಕನ ಬೆನ್ನು ಇದೇ ಮೊದಲ ಸಲ ಪೂರ್ತಿ ಕಂಡಿತು. ನೋಡುವಂಥದ್ದೇನಲ್ಲ.

"ಮೇಹ್ಯೂ, ರೂಫಸ್!" ಎಂದ ಡನ್‌ಫಿ.

ಹಿಂದಿನಿಂದ ಯಾವನೋ, "ಅವ್ನು ಅಲಬಾಮಾಗೆ ಹೋದ. ಬಾಲಕ್ಕೆ ಹಾಕಿ ಅವನ್ನ, ನಾವಾದ್ರೂ ಮುಂದೆ ಬರ್ತೀವಿ" ಅಂದ. ನನಗೆ ಅದೆಲ್ಲಿತ್ತೋ ಸಿಟ್ಟು.

"ಇದ್ದಾನೆ!" ಎಂದು ಕೂಗಿದೆ.

"ಎಲ್ಲಿದ್ದಾನೆ?"

"ಉಚ್ಚೆ ಹೊಯ್ಯೋಕೆ ಹೋಗಿದ್ದಾನೆ. ಅದನ್ನೂ ನಿಮ್ಮನ್ನ ಕೇಳಿ ಹೋಗ್ಬೇಕಾ?"

ಸಾಲಿಗೆ ಸಾಲೇ ನಕ್ಕಿತು. ಡನ್‌ಫಿ ಮುಂದಿನ ಹೆಸರು ಕೂಗಿದ. ಅದು ನನ್ನದು.

ನನ್ನ ಟ್ರೇ ಮುಗಿಸಿ ನಿನ್ನ ಟ್ರೇಯನ್ನೂ ನಾನೇ ಮಾರಿದೆ, ನಿನ್ನದೇ ಕೂಗಿನಲ್ಲಿ: "ರೂಫಸ್ ಕುಡಿದು ಖಾಲಿ ಮಾಡೋಕೆ ಮುಂಚೆ ತಗೊಳ್ರೋ!" ಬೇಸಿಗೆಯಿಡೀ ಬಾರದವನು ಸಾಲಿನ ಬಾಲಕ್ಕೆ ಹೋಗುತ್ತಾನೆ, ನಿನಗೆ ಗೊತ್ತು. ಇಷ್ಟು ವರ್ಷ ಮೆಟ್ಟಿಲು ಹತ್ತಿ ಗಳಿಸಿದ ಜಾಗ ಕಣೋ ಅದು. ಅಮ್ಮನನ್ನು ಬೇಗ ಗುಣ ಮಾಡಿಸಿಕೊಂಡು ಬಾ.

ಹೆಲ್ಕಾ

⁂

ಮೊಬೀಲ್, ಅಲಬಾಮಾ
ಮೇ 9, 1980

ಹೆಲ್ಕಾ,

ನಿನಗೆ ತಲೆ ಕೆಟ್ಟಿದೆ. ನಿನ್ನ ಗಂಡನನ್ನು ಉಕ್ಕಿನ ಕುಲುಮೆ ನುಂಗಿದ ವರ್ಷ ನೀನು ಸುರಂಗಕ್ಕೆ ಬಂದೆ. "ಹೆಂಗಸು ಬಿಯರ್ ಹೊರ್ತಾಳಾ?" ಎಂದು ಎಲ್ಲರೂ ಹಲ್ಲು ಕಿರಿದಾಗ, "ಇಲ್ಲಿ ಬಾ, ನನ್ನ ಹಿಂದೆ ನಿಂತ್ಕೋ" ಎಂದವನು ನಾನು. ಹಿಂದೆ ನಿಲ್ಲು ಅಂದೆ. ನನ್ನ ಬದಲಿಗೆ ನಿಲ್ಲು ಅನ್ನಲಿಲ್ಲ.

ಎರಡು ಟ್ರೇ ಹೊತ್ತು ಬೆನ್ನು ಮುರಿದುಕೊಳ್ಳಬೇಡ. ಅಮ್ಮ ಎದ್ದು ಕೂರುವಷ್ಟಾಗಿದ್ದಾಳೆ. ಎಲೆ ಉದುರುವ ಹೊತ್ತಿಗೆ ಬರುತ್ತೇನೆ. ಅಲ್ಲಿಯವರೆಗೆ ಶಾಲೆಯ ಮೈದಾನದ ಬೇಲಿಯ ಪಕ್ಕ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದೇನೆ. ಮಕ್ಕಳು ಆಡುವ ಬೇಸ್‌ಬಾಲ್ ನೋಡುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಡಾಕರ್ಸ್‌ಗಿಂತ ಚೆನ್ನಾಗಿ ಚೆಂಡು ಹಿಡಿಯುತ್ತಾರೆ.

ರೂಫಸ್

⁂

ಬಫಲೋ
ಸೆಪ್ಟೆಂಬರ್ 27, 1982

ರೂಫಸ್,

ಎಲೆ ಉದುರುತ್ತಿದೆ. ಎರಡು ಸಲ ಉದುರಿ ಇದು ಮೂರನೆಯದು. ಯಾವ ವರ್ಷದ ಎಲೆ ಎಂದು ನೀನು ಹೇಳಲೇ ಇಲ್ಲ.

ಕಡಲೆಕಾಯಿಯನ್ನು ಬೇಯಿಸುತ್ತಾರಾ? ಒದ್ದೆ ಕಡಲೆಕಾಯಿ! ಹುರಿದು ತಿನ್ನಲು ನಿಮಗೇನು ರೋಗ?

ನಿನ್ನೆಯ ಪಂದ್ಯ ಕೇಳು. ಎಂಟನೇ ಇನ್ನಿಂಗ್ಸಿನಲ್ಲಿ ಸರೋವರದ ಬಿಳಿ ಹಕ್ಕಿಗಳು ಬನ್ನಿನ ಚೂರಿಗೆಂದು ಮೈದಾನಕ್ಕೆ ಇಳಿದವು. ಚೆಂಡು ಮೇಲಕ್ಕೆ ಹೋಯಿತು. ಎಡಗಡೆ ನಿಂತಿದ್ದ ನಮ್ಮ ಮಹಾಶಯ ಹಕ್ಕಿಯನ್ನು ನೋಡಿ ಓಡಿದ. ಚೆಂಡು ಅವನ ಹಿಂದೆ ಬಿತ್ತು. ಗ್ಯಾಲರಿಯಿಂದ ಒಬ್ಬ ಮುದುಕ, "ಹಕ್ಕೀನಾದ್ರೂ ಹಿಡಿಯೋ, ಮನೇಲಿ ಸಾರು ಮಾಡ್ಲಿ!" ಎಂದು ಕೂಗಿದ. ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. ಕೇಳಿಸದೆ ಏನು? ಇದ್ದವರೇ ಅಷ್ಟು.

ಮಾಲೀಕ ನಮ್ಮ ಒಳ್ಳೆಯ ಎಸೆತಗಾರನನ್ನು ಮಾರಿಬಿಟ್ಟ. ಪತ್ರಿಕೆಯವರು ಕೇಳಿದರೆ "ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ" ಅಂದನಂತೆ. ಈ ಕಟ್ಟುವುದರ ಗುಟ್ಟು ಗೊತ್ತೇನು? ಎಲ್ಲರಿಗಿಂತ ಕಡೆಗೆ ಬಂದ ತಂಡಕ್ಕೆ ಮರುವರ್ಷ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಹಕ್ಕು. ಅದಕ್ಕೇ ಬೇಕೆಂದೇ ಸೋಲುತ್ತಿದ್ದಾರೆ. ನಮ್ಮ ಸಾಲಿನಲ್ಲಿ ಹೆಚ್ಚು ದುಡಿದವನು ಮೊದಲು ಆರಿಸುತ್ತಾನೆ. ಅವರ ಸಾಲಿನಲ್ಲಿ ಹೆಚ್ಚು ನಾಚಿಕೆಗೆಟ್ಟವನು ಮೊದಲು ಆರಿಸುತ್ತಾನೆ. ಜನ ಬಂದರಷ್ಟೇ ನಮಗೆ ಕೂಲಿ. ಅವರು ತಂಡ ಕಟ್ಟುವವರೆಗೆ ನಾವು ಹೊಟ್ಟೆ ಕಟ್ಟಬೇಕು.

ಮುದುಕ ಕಿನ್ಸೆಲ್ಲ ಜಾಗ ಬಿಟ್ಟ. ನಮ್ಮ ಪದ್ಧತಿಯಂತೆಯೇ, ಹೆಸರು ಕರೆದಾಗ "ಇದ್ದೀನಿ" ಎಂದು, ಪಕ್ಕಕ್ಕೊಂದು ಹೆಜ್ಜೆ ಸರಿದು, "ನನಗೆ ಸಾಕು" ಅಂದ. ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬಂದೆವು. ಈಗ ನೀನು ಹನ್ನೆರಡನೆಯವನು. ಹೌದು, ನಿನ್ನ ಜಾಗ ಹಾಗೇ ಇದೆ. ಬೈಯುವುದಾದರೆ ಬಂದು ಬೈ.

ಹೆಲ್ಕಾ

⁂

ಮೊಬೀಲ್
ಜನವರಿ 6, 1984

ಹೆಲ್ಕಾ,

ಅಮ್ಮ ಹೋದಳು. ಕ್ರಿಸ್‌ಮಸ್‌ಗೆ ಮೂರು ದಿನ ಇರುವಾಗ. ಹೆಚ್ಚು ಬರೆಯಲಾರೆ.

ಉಕ್ಕಿನ ಕಾರ್ಖಾನೆಗೆ ಪೂರ್ತಿ ಬೀಗ ಹಾಕಿದರೆಂದು ಇಲ್ಲಿನ ಪತ್ರಿಕೆಯಲ್ಲೂ ಬಂದಿತ್ತು. ಹೆಬ್ಬೆರಳಿನಷ್ಟು ಸುದ್ದಿ. ಅಷ್ಟೊಂದು ಜನರ ಬದುಕಿಗೆ ಹೆಬ್ಬೆರಳು ತೋರಿಸಿದರು.

ಇನ್ನು ಇಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಇಲ್ಲ. ಏಪ್ರಿಲ್‌ನಲ್ಲಿ ಮೊದಲ ಪಂದ್ಯದ ಹಿಂದಿನ ದಿನ ಬಸ್ಸಿಗೆ ಬರುತ್ತೇನೆ. ಕಾಲಿನ ಬೆರಳಲ್ಲೊಂದು ಗಾಯ ಕಾಡುತ್ತಿದೆ, ಸಕ್ಕರೆ ಕಾಯಿಲೆಯವರಿಗೆ ಇದೆಲ್ಲ ಇದ್ದದ್ದೇ. ಅಷ್ಟರಲ್ಲಿ ಮಾಯುತ್ತದೆ.

ರೂಫಸ್

⁂

ಬಫಲೋ
ಮೇ 2, 1984

ರೂಫಸ್ ಮೇಹ್ಯೂ ಅವರಿಗೆ,

ಬಸ್ ನಿಲ್ದಾಣದಲ್ಲಿ ಕೊನೆಯ ಬಸ್ಸಿನವರೆಗೂ ನಿಂತಿದ್ದೆ. ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ನಿಲ್ದಾಣ ಗುಡಿಸುವವನು, "ಯಾರಿಗಮ್ಮಾ ಕಾಯ್ತಿದ್ದೀಯ?" ಎಂದ. "ಒಬ್ಬ ಪುಣ್ಯಾತ್ಮನಿಗೆ" ಎಂದೆ. ಪಿಯರೋಗಿ ಅವನೇ ತಿಂದ.

ಒಂದು ಸಾಲು ಬರೆಯಲು ಕೈಗೇನಾಗಿತ್ತು? ಬೆರಳ ಗಾಯವಂತೆ. ಬೆರಳ ಗಾಯಕ್ಕೆ ಯಾವ ಗಂಡಸು ಮಾತು ತಪ್ಪುತ್ತಾನೆ? ಅಲ್ಲಿ ಯಾರೋ ಸಿಕ್ಕಿದ್ದಾಳೆ, ಅದನ್ನು ಹೇಳು. ನಿನ್ನನ್ನು ಕಟ್ಟಿಕೊಳ್ಳಲು ನಾನೇನು ಕಾದು ಕೂತಿಲ್ಲ. ನನಗೆ ಬೇಕಿದ್ದದ್ದು ನನ್ನ ಮುಂದೆ ನಿಲ್ಲುವ ಒಂದು ಬೆನ್ನು.

ನಿಶ್ಚಿಂತೆಯಿಂದಿರಿ. ನಿಮ್ಮ ಜಾಗ ಬಿಟ್ಟುಕೊಟ್ಟಾಯಿತು. ಇನ್ನು ಮುಂದೆ ನಿಮ್ಮ ಹೆಸರನ್ನು ಯಾರೂ ಕೂಗುವುದಿಲ್ಲ.

ಹೋದ ಚಳಿಗಾಲದಲ್ಲಿ ಹೆಣೆದ ಉಣ್ಣೆಯ ಕಾಲುಚೀಲ ಇದರ ಜೊತೆಗಿದೆ. ಹೆಣೆದದ್ದನ್ನು ಬಿಚ್ಚಲು ಮನಸ್ಸಾಗದೆ ಕಳಿಸುತ್ತಿದ್ದೇನೆ, ಬೇರೇನೂ ಅಂದುಕೊಳ್ಳಬೇಡಿ.

ತಂಡ ಸೋಲುತ್ತಿದೆ.

ಹೆಲೆನಾ (ನಿಮಗೆ ಇನ್ನು ಹೆಲ್ಕಾ ಅಲ್ಲ)

⁂

ಮೊಬೀಲ್
ನವೆಂಬರ್ 18, 1984

ಹೆಲ್ಕಾ,

ಜಾಗ ಬಿಟ್ಟುಕೊಟ್ಟದ್ದು ಒಳ್ಳೆಯದಾಯಿತು. ನೀನು ಒಂದು ಹೆಜ್ಜೆ ಮುಂದೆ ಬಂದೆಯಲ್ಲ, ಅಷ್ಟು ಸಾಕು.

ನಿನ್ನ ಊಹೆ ಸರಿ. ಓಪಲ್ ಎಂಬಾಕೆ ದಿನವೂ ಮನೆಗೆ ಬರುತ್ತಾಳೆ. ಕೈ ಬಲು ಮೃದು.

ಒಂದು ಕಾಲುಚೀಲ ಚೆನ್ನಾಗಿ ಕೂತಿದೆ.

ರೂಫಸ್

⁂

ಬಫಲೋ
ಅಕ್ಟೋಬರ್ 5, 1987

ರೂಫಸ್,

ಮೂರು ವರ್ಷ ಬರೆಯಲಿಲ್ಲ. ಬರೆಯುವುದಿಲ್ಲವೆಂದು ಆಣೆಯನ್ನೂ ಮಾಡಿದ್ದೆ. ಆದರೆ ಈ ಸುದ್ದಿ ಹೇಳಿಕೊಂಡು ಬೈಯಲು ಬೇರೆ ಯಾರೂ ಇಲ್ಲ. ನಮ್ಮ ದರಿದ್ರ ತಂಡ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆದ್ದಿದೆ!

ಆ ಸೋಲುಗಳಿಂದ ಆರಿಸಿ ತಂದ ಹುಡುಗರು ಈಗ ಬಲಿತಿದ್ದಾರೆ. ಕೊನೆಯ ಪಂದ್ಯದಲ್ಲಿ ಜನ ಎದ್ದು ನಿಂತು ಅತ್ತರು. ಅವರಿಗೇನು, ಗೆಲ್ಲತೊಡಗಿದ ಮೇಲೆ ಬಂದವರು. ಹಕ್ಕಿಗಳ ಜೊತೆ ಕೂತು ಸೋಲು ನೋಡಿದ್ದು ನಾವು. ನನಗೂ ಅಳು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಾಲೀಕ ತಂಡವನ್ನು ಇನ್ನೊಬ್ಬನಿಗೆ ಮಾರಿ ಕೈತೊಳೆದುಕೊಂಡ. ಹೊಸಬನಿಗೆ ಸರೋವರದ ದಡದಲ್ಲಿ ಹೊಸ ಕ್ರೀಡಾಂಗಣ ಬೇಕಂತೆ. ಊರು ತೆರಿಗೆ ಕಟ್ಟಿ ಕಟ್ಟಿಸಿಕೊಡಬೇಕಂತೆ. ಕಾರ್ಖಾನೆ ಉಳಿಸಲು ಈ ಊರಿನ ಬಳಿ ಬಿಡಿಗಾಸಿರಲಿಲ್ಲ. ಸಾಹುಕಾರರು ಗಾಜಿನ ಕೋಣೆಯಲ್ಲಿ ಕೂತು ಆಟ ನೋಡಲು ಎಲ್ಲಿಂದಲೋ ದುಡ್ಡು ಹುಟ್ಟಿತು.

ನಮ್ಮ ಸಾಲು ಹಾಗೇ ಇದೆ. ಕಾರ್ಖಾನೆ ಹೋದ ಮೇಲೆ ಇದ್ದ ಕೆಲಸವನ್ನು ಯಾರು ಬಿಡುತ್ತಾರೆ?

ಓಪಲ್‌ಗೆ ನನ್ನ ನಮಸ್ಕಾರ ಹೇಳು. ಆಕೆಯೂ ಒದ್ದೆ ಕಡಲೆಕಾಯಿ ತಿನ್ನುತ್ತಾಳಾ?

ಹೆಲ್ಕಾ

⁂

ಮೊಬೀಲ್
ಅಕ್ಟೋಬರ್ 12, 1989

ಹೆಲ್ಕಾ,

ಸುಳ್ಳಿ! ಮಹಾ ಸುಳ್ಳಿ!

ಎರಡು ವರ್ಷದಿಂದ ನಿನಗೆ ಉತ್ತರ ಬರೆಯಬೇಕೆಂದು ಕಾಗದ ತೆಗೆಯುವುದು, ಇಡುವುದು ಮಾಡುತ್ತಿದ್ದೆ. ಈಗ ತಡೆಯಲಾರೆ. ನಿನ್ನೆ ಡಾಕರ್ಸ್‌ ಆಟ ದೇಶಕ್ಕೆಲ್ಲ ರೇಡಿಯೋದಲ್ಲಿ ಬಂತು. ಹತ್ತು ವರ್ಷದ ಮೇಲೆ ನಮ್ಮ ತಂಡ ಅಕ್ಟೋಬರ್‌ನ ಕೊನೆಯ ಸುತ್ತಿನಲ್ಲೂ ಆಡುತ್ತಿದೆ! ಅಕ್ಕಪಕ್ಕದವರನ್ನೆಲ್ಲ ಕರೆದು ಜಗಲಿಯಲ್ಲಿ ರೇಡಿಯೋ ಇಟ್ಟೆ. ಐದನೇ ಇನ್ನಿಂಗ್ಸು. ಎಸೆತಗಾರ ಚೆಂಡು ತಿಕ್ಕುತ್ತ ನಿಂತಿದ್ದಾನೆ, ವಿವರಣೆಗಾರ ಉಸಿರು ಹಿಡಿದಿದ್ದಾನೆ, ಜನ ಗಪ್‌ಚಿಪ್. ಆಗ ದೂರದಲ್ಲಿ ಒಂದು ಹರಕು ಗಂಟಲು ಕೂಗಿತು:

"ರೂಫಸ್ ಕುಡಿದು ಖಾಲಿ ಮಾಡೋಕೆ ಮುಂಚೆ ತಗೊಳ್ರೋ!"

ಪಕ್ಕದ ಮನೆಯವನು, "ಅಣ್ಣಾ, ಅದ್ಯಾರೋ ನಿನ್ನ ಹೆಸರು ಕೂಗಿದ್ರು!" ಅಂದ. ನಾನು ರೇಡಿಯೋದ ದನಿ ಜೋರು ಮಾಡಿದೆ.

ಜಾಗ ಬಿಟ್ಟುಕೊಟ್ಟೆ ಎಂದು ನೀನು ಬರೆದಿದ್ದೆಯಲ್ಲ. ಎರಡು ಟ್ರೇ ಇನ್ನೂ ಹೊರುತ್ತಿದ್ದೀಯ. ಐವತ್ತು ದಾಟಿತಲ್ಲೇ ನಿನಗೆ! ಯಾರಿಗೋಸ್ಕರ? ನಾನು ಬರುವುದಿಲ್ಲ. ಇಲ್ಲಿ ಸುಖವಾಗಿದ್ದೇನೆ. ನಾಳೆಯೇ ಡನ್‌ಫಿಗೆ ಹೇಳಿ ನನ್ನನ್ನು ಬಾಲಕ್ಕೆ ಹಾಕಿಸು.

ರೂಫಸ್

⁂

ಬಫಲೋ
ಫೆಬ್ರವರಿ 20, 1990

ರೂಫಸ್,

ಅಕ್ಟೋಬರ್‌ನಲ್ಲಿ ಆ ಪಂದ್ಯವನ್ನೂ ಸೋತು ಮನೆಗೆ ಬಂದರು, ರೇಡಿಯೋದಲ್ಲಿ ಕೇಳಿರುತ್ತೀಯ. ಈಗ ಬೇರೆ ಸುದ್ದಿ ಇದೆ.

ಏಪ್ರಿಲ್‌ನಿಂದ ಆಟ ಹೊಸ ಕ್ರೀಡಾಂಗಣದಲ್ಲಿ. ಅಲ್ಲಿ ಉದ್ದಕ್ಕೂ ಅಂಗಡಿ ಕಟ್ಟೆಗಳು. ಜನ ಎದ್ದು ಹೋಗಿ ಕೊಳ್ಳಬೇಕು. ಮೆಟ್ಟಿಲು ಹತ್ತಿ ಮಾರುವವರು ಹನ್ನೆರಡು ಜನ ಸಾಕೆಂದು ಪ್ರೆಸ್ಕಾಟ್ ಎಂಬ ಹೊಸ ಅಧಿಕಾರಿ ಹೇಳಿದ್ದಾನೆ. ಟೈ ಕಟ್ಟಿದ ಎಳೆ ಗಡ್ಡದವನು. "ನಿಮ್ಮ ಸಂಪ್ರದಾಯಕ್ಕೆ ಗೌರವ ಕೊಟ್ಟು ಸಾಲಿನ ಮೊದಲ ಹನ್ನೆರಡು ಜನರನ್ನೇ ಇಟ್ಟುಕೊಳ್ತೀವಿ" ಅಂದ. ಕತ್ತು ಕೊಯ್ಯುವುದಕ್ಕೂ ಗೌರವದ ಮಾತು.

ಹನ್ನೆರಡನೆಯವನು ನೀನು. ಹದಿಮೂರನೆಯವಳು ನಾನು.

ನಗು ಬಂದರೆ ನಗು. ಸೊಬ್ಚಾಕ್ ನಕ್ಕ, ಆಮೇಲೆ ಗೋಡೆಗೆ ಗುದ್ದಿದ.

ಪತ್ರ ಬರೆದು ಜಾಗ ಬಿಡುವ ಜಾಣತನ ಮಾಡಬೇಡ. ಪ್ರೆಸ್ಕಾಟ್ ಹಳೆಯದನ್ನೆಲ್ಲ ಕೆದಕುತ್ತಾನೆ. ಇಲ್ಲದವನ ಹೆಸರಿನಲ್ಲಿ ಮಾರಿದೆನೆಂದು ನಾನೂ ಹೋಗುತ್ತೇನೆ, ಕಣ್ಣು ಮುಚ್ಚಿಕೊಂಡಿದ್ದನೆಂದು ಡನ್‌ಫಿಯೂ ಹೋಗುತ್ತಾನೆ. ಮಾಡಬೇಕಾದದ್ದು ಒಂದೇ. ನೀನೇ ಬಾ. ಏಪ್ರಿಲ್ ಹದಿನಾರಕ್ಕೆ ನಿನ್ನ ಜಾಗದಲ್ಲಿ ನಿಂತು "ಇದ್ದೀನಿ" ಅನ್ನು, ಟ್ರೇ ಎತ್ತಿಕೋ. ನಾನು ಹೋದರೆ ಹೋದೆ. ಇಷ್ಟು ವರ್ಷ ನಾನು ಹೊತ್ತದ್ದು ಪ್ರೆಸ್ಕಾಟನ ಕಸದ ಬುಟ್ಟಿಗೆ ಹೋಗಬಾರದು. ಓಪಲ್‌ಳನ್ನೂ ಕರೆದುಕೊಂಡು ಬಾ. ಮನೆಯಲ್ಲಿ ಕೋಣೆ ಇದೆ.

ಹೆಲ್ಕಾ

⁂

ಬಫಲೋ ಬಸ್ ನಿಲ್ದಾಣ
ಏಪ್ರಿಲ್ 16, 1990

ಹೆಲ್ಕಾ,

ಬಸ್ಸಿಗೆ ಇನ್ನೂ ಹೊತ್ತಿದೆ. ನೀನು ಮೇಲೆ ಬಿಯರ್ ಮಾರುತ್ತಿರುತ್ತೀಯ. ಬೈಯಲು ಸಿಗುವ ಮೊದಲೇ ಹೊರಟುಬಿಡಬೇಕೆಂದು ಇಲ್ಲಿಗೆ ಬಂದೆ.

ಹೊಸ ಸುರಂಗದಲ್ಲಿ ನನ್ನ ಊರುಗೋಲಿನ ಸದ್ದಿಗೆ ಇಡೀ ಸಾಲು ತಿರುಗಿ ನೋಡಿತು. ನೀನು ನನ್ನ ಮುಖ ನೋಡಲಿಲ್ಲ. ಎಡಗಾಲು ಇರಬೇಕಾದ ಕಡೆಯೇ ನೋಡುತ್ತಿದ್ದೆ. ನೀನು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಇದೇ ಮೊದಲು.

ಅದು 1984ರ ಏಪ್ರಿಲ್. ಬೆರಳಿನಿಂದ ಶುರುವಾಗಿ ಮೊಣಕಾಲಿನವರೆಗೆ ಹೋಯಿತು. ನೀನು ಪಿಯರೋಗಿ ಹಿಡಿದು ನಿಂತಿದ್ದ ದಿನ ನಾನು ಆಸ್ಪತ್ರೆಯ ಮೇಜಿನ ಮೇಲಿದ್ದೆ. ಓಪಲ್ ಅಂದರೆ ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತಿದ್ದ ದಾದಿ, ಮೊಮ್ಮಕ್ಕಳಿರುವ ಮುದುಕಿ. ಹೇಳಿದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ. ಬಂದು ನನ್ನನ್ನು ಕೊಲ್ಲುತ್ತಿದ್ದೆ.

ಡನ್‌ಫಿ ನನ್ನ ಹೆಸರು ಕೂಗಿದ. ಕಾಗದದಿಂದ ತಲೆ ಎತ್ತಲೇ ಇಲ್ಲ, ಎತ್ತಿದರೆ ಅತ್ತುಬಿಡುತ್ತಾನೆಂದು ಕಾಣುತ್ತದೆ. "ಇದ್ದೀನಿ" ಎಂದೆ. ಪ್ರೆಸ್ಕಾಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಮೆಟ್ಟಿಲು ಹತ್ತಿ ಬಿಯರ್ ಮಾರ್ತಿದ್ರಾ?" ಎಂದ.

"ಹೋದ ವರ್ಷದವರೆಗೂ ಮಾರಿದ್ದಾನೆ ಸಾರ್" ಎಂದ ಡನ್‌ಫಿ. "ನಮ್ ಟೀಮಿನ ಆಟ ನೋಡೀ ನೋಡೀ ಕಾಲೇ ಬಿಟ್ಟುಹೋಯ್ತು."

ಸಾಲು ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲೇ ನಾನು ಪಕ್ಕಕ್ಕೆ ಸರಿದು "ನನಗೆ ಸಾಕು" ಅಂದೆ. ಕಾವಲುಗಾರ ನನ್ನನ್ನು ಬಾಗಿಲ ಕಡೆಗೆ ಕರೆದೊಯ್ದ. ನಾನು ಹಿಂದಿರುಗಿ ನೋಡಲಿಲ್ಲ. ಈಗ ನೀನು ಹನ್ನೆರಡನೆಯವಳು. ಕೆಲಸ ಉಳಿಯಿತು. ಇನ್ನು ಒಂದೇ ಟ್ರೇ ಹೊರು.

ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಡನ್‌ಫಿಯ ಕೈಗೆ ಕೊಟ್ಟಿದ್ದೇನೆ. ತಿನ್ನದೆ ಬೈಯಬೇಡ.

ರೂಫಸ್

⁂

ಬಫಲೋ
ಮೇ 1, 1990

ರೂಫಸ್,

ಒಂದು ಕಾಲುಚೀಲ ಚೆನ್ನಾಗಿ ಕೂತಿದೆ ಎಂದು ಬರೆದವನೇ! ಆ ಸಾಲನ್ನು ಐದಾರು ವರ್ಷದಿಂದ ಓದುತ್ತಿದ್ದೇನೆ. ಇನ್ನೊಂದು ದೊಡ್ಡದಾಯಿತೇನೋ, ಹೆಣಿಗೆ ತಪ್ಪಿದೆನೇನೋ ಎಂದುಕೊಂಡಿದ್ದೆ. ಮೊಮ್ಮಕ್ಕಳಿರುವ ದಾದಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ನಿನ್ನನ್ನು ಏನು ಮಾಡಿದರೂ ಪಾಪವಿಲ್ಲ.

ಈಗ ಕೇಳು. ನೀನು ಬಾಗಿಲು ದಾಟಿದೆ. ಪ್ರೆಸ್ಕಾಟ್ ನನಗೆ, "ಬನ್ನಿ ಮೇಡಂ, ಒಂದು ಹೆಜ್ಜೆ ಮುಂದೆ" ಅಂದ. ಒಂದೇ ಹೆಜ್ಜೆ. ಇಟ್ಟಿದ್ದರೆ ನಾನು ಒಳಗೆ, ನನ್ನ ಹಿಂದಿನ ಮೂವತ್ತು ಜನ ಹೊರಗೆ.

ನಾನು ಇಡಲಿಲ್ಲ.

"ಅದು ರೂಫಸ್ ಮೇಹ್ಯೂ ಜಾಗ" ಎಂದೆ.

"ಅವ್ರು ಬಿಟ್ಟಾಯ್ತಲ್ಲ?"

"ಅವ್ನು ಬಿಟ್ಟ. ನಾನು ತಗೊಂಡಿಲ್ಲ."

ದೊಡ್ಡ ಯೋಚನೆಯಿಂದ ಮಾಡಿದ್ದಲ್ಲ ಕಣೋ. ಕಾಲೇ ಬರಲಿಲ್ಲ. ಕಾಲು ಕಳೆದುಕೊಂಡವನು ಅಷ್ಟು ದೂರದಿಂದ ಬಂದು ಬಿಟ್ಟುಹೋದ ಜಾಗವನ್ನು ಎರಡು ಕಾಲಿದ್ದವಳು ತುಳಿಯಲೇ? ಹಿಂದಿನವರೆಲ್ಲ ನನಗಾಗಿ ಸುಳ್ಳು ಹೇಳಿದವರು, ನೀನಿಲ್ಲದ ಜಾಗವನ್ನು ಹತ್ತು ವರ್ಷ ನನ್ನ ಜೊತೆ ಕಾದವರು. ಅವರ ಕುತ್ತಿಗೆಯ ಮೇಲೆ ಹೆಜ್ಜೆ ಇಡಲೇ?

ಪ್ರೆಸ್ಕಾಟ್ ನನ್ನ ಹಿಂದಿನವನನ್ನು ಕರೆದ. "ಹೆಲ್ಕಾನ ದಾಟಿ ನಾನು ಬರಲ್ಲ. ನಮ್ಮಲ್ಲಿ ಹಂಗಿಲ್ಲ" ಅಂದ ಅವನು. ಅವನ ಹಿಂದಿನವಳೂ ಅಷ್ಟೇ. ಒಬ್ಬೊಬ್ಬರನ್ನೇ ಕರೆಯುತ್ತ ಬಾಲದವರೆಗೆ ಹೋದ. ನಿಂಬೆ ಪಾನಕದವರೂ ಕದಲಲಿಲ್ಲ. ಆಗ ಸೊಬ್ಚಾಕ್ ತುಂಬಿದ ಟ್ರೇಯನ್ನು ನೆಲಕ್ಕಿಟ್ಟು, "ಬೆನ್ನ ಹಿಂದೆ ಯಾರೂ ಇಲ್ದಿದ್ರೆ ನಂಗೆ ಚಳಿ ಆಗುತ್ತೆ ಸ್ವಾಮಿ" ಎಂದ. ಉಳಿದ ಹತ್ತು ಟ್ರೇಗಳೂ ನೆಲಕ್ಕೆ ಬಂದವು.

ಮೇಲೆ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಅಂಗಡಿ ಕಟ್ಟೆಗಳ ಮುಂದೆ ನೂಕುನುಗ್ಗಲು, ಕೂತವರಿಗೆ ಗುಟುಕಿಲ್ಲ. ಎರಡನೇ ಇನ್ನಿಂಗ್ಸಿಗೆ "ಬಿಯರ್ ಎಲ್ಲಿ? ಬಿಯರ್ ಎಲ್ಲಿ?" ಎಂದು ಚಪ್ಪಾಳೆ ಶುರುವಾಯಿತು. ಸುರಂಗದ ಚಾವಣಿ ನಡುಗುತ್ತಿತ್ತು. ಪ್ರೆಸ್ಕಾಟ್ ಮಾಲೀಕನ ಗಾಜಿನ ಕೋಣೆಗೆ ಓಡಿದ, ಬಂದ, ಮತ್ತೆ ಓಡಿದ. ಕೊನೆಗೆ ಟೈ ಸಡಿಲಿಸಿಕೊಂಡು ಬಂದು, "ಈ ಬೇಸಿಗೆ ಮುಗಿಯೋವರೆಗೆ ಎಲ್ಲರೂ" ಅಂದ.

ಗೆದ್ದೆವು ಅನ್ನಲಾರೆ. ಒಂದೇ ಬೇಸಿಗೆ. ಮುಂದಿನದಕ್ಕೆ ಕಾರ್ಮಿಕ ಸಂಘದಲ್ಲಿ ಜಗಳ ನಡೆದಿದೆ, ದಿನವೂ ಮೂರು ಗಂಟೆ ಕಿರುಚಿ ಬರುತ್ತೇನೆ. ಅಂದು ತಂಡ ಸೋತಿತು, ಬೇರೆ ಹೇಳಬೇಕೇ. ಹೊಸ ಕ್ರೀಡಾಂಗಣವನ್ನು ಹಕ್ಕಿಗಳೂ ಪತ್ತೆ ಹಚ್ಚಿವೆ.

ನಿನ್ನ ಒದ್ದೆ ಕಡಲೆಕಾಯಿ ತಿಂದೆ. ಹೊಲಸು. ಇನ್ನೊಂದು ಪೊಟ್ಟಣ ಕಳಿಸು. ಕಾಲುಚೀಲ ಹೆಣೆಯುತ್ತಿದ್ದೇನೆ, ಈ ಸಲ ಒಂದೇ.

ನಿನ್ನ ಜಾಗ ನನ್ನ ಮುಂದೆ ಹಾಗೇ ಖಾಲಿ ಇದೆ. ನಾನೀಗ ಒಂದೇ ಟ್ರೇ ಹೊರುತ್ತೇನೆ, ನಿನ್ನ ಹೆಸರಿಗೆ ಉತ್ತರವನ್ನೂ ಕೊಡುವುದಿಲ್ಲ. ಆದರೆ ಡನ್‌ಫಿ ಪ್ರತಿ ಪಂದ್ಯಕ್ಕೂ ಅದನ್ನು ಕೂಗುತ್ತಾನೆ. ಪ್ರೆಸ್ಕಾಟ್ ಪಕ್ಕದಲ್ಲಿ ನಿಂತಿದ್ದರೂ ಕೂಗುತ್ತಾನೆ. ಸಾಲು ಒಂದು ಉಸಿರು ಕಾಯುತ್ತದೆ. ಆಮೇಲೆ ಸೊಬ್ಚಾಕ್ ಹಿಂದಿರುಗಿ ನೋಡದೆಯೇ ಹೇಳುತ್ತಾನೆ:

"ಉಚ್ಚೆ ಹೊಯ್ಯೋಕೆ ಹೋಗಿದ್ದಾನೆ. ಬರ್ತಾನೆ."

ಹೆಲ್ಕಾ